ವಿಜ್ಞಾನ ವಿಚಾರ: ಕಡಲತೊಟ್ಟಿಯಲ್ಲಿ ಅಯೋಡಿನ್ ಹೆಚ್ಚಾದರೆ



ಈ ಅಂಕಣಕ್ಕೆ ಬರುವ ಪ್ರಶ್ನೆಗಳು ಬಹುಮಟ್ಟಿಗೆ ಅಡಿಕೆಯ ಕೊಳೆರೋಗ, ಬಾವಿಯ ನೀರು, ಮಕ್ಕಳ ಪಾಠ ಮೊದಲಾದವುಗಳನ್ನು ಕುರಿತವು. ಈ ಸಲದ ಪ್ರಶ್ನೆ ತುಸು ಬೇರೆ ತೆರನಾದುದು. ಕುಂಬಳೆಯ ಕಡೆಯವರಾಗಿ, ಈಗ ಸಂಸಾರಸಮೇತ ಕೊಲ್ಲಿನಾಡಿನಲ್ಲಿ ನೆಲೆಸಿರುವ ಸೋದರಿಯೊಬ್ಬರು ಬರೆದಿದ್ದಾರೆ. ಅವರ ಮನೆಯ ಹಜಾರದಲ್ಲಿ 300 ಲೀಟರ್ ಉಪ್ಪುನೀರಿನ ಗಾಜಿನ ತೊಟ್ಟಿಯೊಂದಿದೆ. ಅದರಲ್ಲಿ ಅಲ್ಲಿಯ ಕಾಯಿದೆಗೆ ಒಳಪಟ್ಟು ಅಂಗಡಿಯಿಂದ ಕೊಂಡ, ಸಾಕಿ ಬೆಳೆಸಿದ ಜೀವಂತ ಹವಳಗಳೂ ಕೆಲವು ಮೀನುಗಳೂ ಸೀಗಡಿಗಳೂ ಇವೆ. ಮಕ್ಕಳಿಬ್ಬರಿಗೂ ಶಾಲೆಯಿಂದ ಬಂದೊಡನೆ ಆ ತೊಟ್ಟಿಯ ಮುಂದೆ ಕುಳಿತುಕೊಳ್ಳುವುದೇ ಒಂದು ಸಂಭ್ರಮ. ಹವಳಗಳ ಬಣ್ಣ ಏರಲೆಂದು ಮನೆಯ ಯಜಮಾನರು ವಾರಕ್ಕೆ ಮೂರು ಹನಿಯಂತೆ, ಹತ್ತು ವಾರಗಳ ಕಾಲ, ಲುಗೋಲ್ ದ್ರಾವಣವೆಂಬ ಅಯೋಡಿನ್ ಔಷಧವನ್ನು ಹಾಕುತ್ತ ಬಂದರಂತೆ. ಈಗ ಹವಳಗಳು ಮುದುಡಿಕೊಂಡಿವೆ. ಎರಡು ಸೀಗಡಿಗಳು ಸತ್ತಿವೆ. ನೀರನ್ನು ಪರೀಕ್ಷೆಗೆ ಕಳುಹಿಸಿದಾಗ ಲೀಟರಿಗೆ 0.20 ಮಿಲಿಗ್ರಾಂ ಅಯೋಡಿನ್ ಇದೆಯೆಂಬ ವರದಿ ಬಂದಿದೆ. ಅಂಗಡಿಯವರು ಅದನ್ನು ತಗ್ಗಿಸಲು ಇನ್ನೊಂದು ಸೀಸೆಯನ್ನು ಕೊಳ್ಳಿರೆಂದು ಸೂಚಿಸುತ್ತಾರಂತೆ. ಏನು ಮಾಡಬೇಕೆಂಬುದು ಸೋದರಿಯವರ ಪ್ರಶ್ನೆ.

ನಮ್ಮ ಉತ್ತರವನ್ನು ಮೊದಲಿಗೇ ಹೇಳಿಬಿಡುತ್ತೇವೆ. ಹೊಸ ಸೀಸೆ ಬೇಡ. ಹಳೆಯ ಸೀಸೆಯನ್ನು ಮುಚ್ಚಿಡಬೇಕು. ನೀರನ್ನು ಲೆಕ್ಕವಿಟ್ಟು ಬದಲಾಯಿಸಬೇಕು. ಕೆಲವು ವಾರ ಕಾಯಬೇಕು. ಹೀಗೇಕೆಂಬುದನ್ನು ತಿಳಿಯಬೇಕಾದರೆ ಅಯೋಡಿನ್ ಎಂಬ ವಸ್ತುವಿನ ಸ್ವಭಾವವನ್ನು ಸ್ವಲ್ಪ ಅರಿಯಬೇಕಾಗುತ್ತದೆ. ಈ ಅರಿವು ತೊಟ್ಟಿಯಿಲ್ಲದ ಮನೆಗಳಿಗೂ ಉಪಯುಕ್ತವಾದುದೆಂದು ನಂಬಿ ವಿಸ್ತಾರವಾಗಿ ಬರೆಯುತ್ತಿದ್ದೇವೆ.

ಕಡಲಿನಲ್ಲಿ ಎಷ್ಟಿದೆ?

ಅಯೋಡಿನ್ ಒಂದು ಮೂಲವಸ್ತು. 1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕೂರ್ತ್ವಾ ಎಂಬವರು ಕಡಲಕಳೆಯ ಬೂದಿಯಿಂದ ಇದನ್ನು ಪಡೆದರು. ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪನ್ನು ತಯಾರಿಸುವುದು ಅವರ ಕಸುಬು. ಬೂದಿಗೆ ಗಂಧಕಾಮ್ಲ ಹೆಚ್ಚಾಗಿ ಬಿದ್ದಾಗ ನೇರಿಳೆ ಬಣ್ಣದ ಆವಿ ಎದ್ದು, ತಣ್ಣನೆಯ ಪಾತ್ರೆಯ ಮೇಲೆ ಕಪ್ಪು ಹರಳುಗಳಾಗಿ ಕುಳಿತಿತು. ನೇರಿಳೆ ಎಂಬರ್ಥದ ಗ್ರೀಕ್ ಶಬ್ದದಿಂದಲೇ ಅದಕ್ಕೆ ಹೆಸರು ಬಂದಿತು.

ಕಡಲಕಳೆಗೆ ಅಯೋಡಿನ್ ಬಂದುದು ಕಡಲಿನಿಂದ. ಆದರೆ ಕಡಲಿನ ನೀರಿನಲ್ಲಿ ಅದಿರುವ ಪ್ರಮಾಣ ಅತ್ಯಲ್ಪ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿದ್ದರೆ, ಅವುಗಳ ನಡುವೆ ಅಯೋಡಿನ್ ಇರುವುದು ಸುಮಾರು 0.06 ಮಿಲಿಗ್ರಾಂ ಮಾತ್ರ. ಗ್ರಾಮಿನ ಸಾವಿರದಲ್ಲೊಂದು ಪಾಲು ಒಂದು ಮಿಲಿಗ್ರಾಂ. ಅದರಲ್ಲಿಯೂ ನೂರಕ್ಕೆ ಆರು ಪಾಲು! ಇಷ್ಟು ತೆಳುವಾಗಿ ಹರಡಿಕೊಂಡಿರುವುದನ್ನು ಕಂದು ಬಣ್ಣದ ದೊಡ್ಡ ಕಡಲಕಳೆಗಳು ಹೀರಿ ಹೀರಿ, ನೀರಿನಲ್ಲಿರುವುದಕ್ಕಿಂತ ಸಾವಿರಾರು ಪಟ್ಟು ಅಧಿಕವಾಗಿ ತಮ್ಮ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ.

ಹವಳದ ಬಳಗಕ್ಕೂ ಅಯೋಡಿನ್ನಿಗೂ ನಂಟಿರುವುದು ನಿಜ. ಹವಳವು ಗಿಡವೂ ಅಲ್ಲ, ಕಲ್ಲೂ ಅಲ್ಲ, ಅದೊಂದು ಪ್ರಾಣಿ. ಕಲ್ಲುಹವಳದ ಪುಟ್ಟ ಜೀವಿಗಳು ತಮ್ಮ ಸುತ್ತ ಸುಣ್ಣದ ಗೂಡನ್ನು ಕಟ್ಟಿಕೊಂಡು, ಮೈಯೊಳಗೆ ಸೂಕ್ಷ್ಮ ಪಾಚಿಗೆ ಆಶ್ರಯವಿತ್ತು, ಅದು ಬಿಸಿಲಿನಿಂದ ತಯಾರಿಸುವ ಆಹಾರದಲ್ಲಿ ಪಾಲು ಪಡೆಯುತ್ತವೆ. ಹವಳದ ಬಂಧುಗಳಾದ ಬೀಸಣಿಗೆಯಾಕಾರದ ಗಾರ್ಗೋನಿಯಗಳ ನಡುಗಡ್ಡಿಯಲ್ಲಿ ಅಯೋಡಿನ್ ಕೂಡಿದ ವಸ್ತುವೊಂದನ್ನು ಡ್ರೆಕ್ಸೆಲ್ ಎಂಬ ವಿಜ್ಞಾನಿ 1896ರಲ್ಲಿ ಕಂಡುಹಿಡಿದರು. ಸಾಕಿದ ಶಾರ್ಕ್ ಮೀನುಗಳಿಗೆ ಅಯೋಡಿನ್ ಸಾಲದೆ ಗಳಗಂಡ ಬರುವುದನ್ನು ದೊಡ್ಡ ಮತ್ಸ್ಯಾಲಯಗಳವರು ಕಂಡಿದ್ದಾರೆ. ಹೀಗಿರುವುದರಿಂದಲೇ ಹವಳ ಸಾಕುವವರಲ್ಲಿ 'ಅಯೋಡಿನ್ ಹಾಕಿದರೆ ಒಳ್ಳೆಯದು' ಎಂಬ ನಂಬಿಕೆ ಬೇರೂರಿತು. ಸೀಗಡಿಗಳು ಸುಸೂತ್ರವಾಗಿ ಪೊರೆ ಕಳಚಲು ಇದು ಬೇಕೆಂಬ ಮಾತೂ ಅದರೊಡನೆ ಸೇರಿಕೊಂಡಿತು.

ಆದರೆ ಬೇಕು ಎಂಬುದು ಒಂದು ಮಾತು. ಸಾಲದು ಎಂಬುದು ಇನ್ನೊಂದು. ಮೀನುಗಳಿಗೆ ಹಾಕುವ ಆಹಾರದಲ್ಲಿ, ಅದರಲ್ಲಿಯೂ ಕಡಲಕಳೆ ಬೆರೆತ ಆಹಾರದಲ್ಲಿ, ಅಯೋಡಿನ್ ಇದ್ದೇ ಇರುತ್ತದೆ. ಹೊಸ ಉಪ್ಪುನೀರಿನೊಡನೆ ಇನ್ನಷ್ಟು ಬರುತ್ತದೆ. ಅಮೆರಿಕದ ರಸಾಯನಶಾಸ್ತ್ರಜ್ಞರೂ ಹವಳತೊಟ್ಟಿಯ ಹವ್ಯಾಸಿಗಳೂ ಆದ ರ‍್ಯಾಂಡಿ ಹೋಮ್ಸ್-ಫಾರ್ಲಿಯವರು 2003ರಲ್ಲಿ ಈ ವಿಷಯವಾಗಿ ವಿವರವಾದ ಲೇಖನಗಳನ್ನು ಬರೆದರು. ತಮ್ಮ ತೊಟ್ಟಿಗೆ ಅಯೋಡಿನ್ ಹಾಕುವುದನ್ನು ನಿಲ್ಲಿಸಿದ ಮೇಲೂ ಯಾವ ಕೇಡೂ ಕಾಣಲಿಲ್ಲವೆಂಬುದೇ ಅವರ ಅನುಭವ.

ಒಂದು ಹನಿಯ ಲೆಕ್ಕ

ಇನ್ನು ಲುಗೋಲ್ ದ್ರಾವಣದ ಕಡೆಗೆ ಬರೋಣ. 1829ರಲ್ಲಿ ಇದನ್ನು ಬಳಕೆಗೆ ತಂದ ಫ್ರೆಂಚ್ ವೈದ್ಯರ ಹೆಸರೇ ಇದಕ್ಕೆ ಉಳಿದಿದೆ. ಇದರಲ್ಲಿ ನೂರಕ್ಕೆ 5 ಪಾಲು ಅಯೋಡಿನ್, 10 ಪಾಲು ಪೊಟ್ಯಾಸಿಯಂ ಅಯೋಡೈಡ್, ಉಳಿದುದು ನೀರು. ಪೊಟ್ಯಾಸಿಯಂ ಅಯೋಡೈಡಿನಲ್ಲಿಯೂ ಮುಕ್ಕಾಲು ಪಾಲು ತೂಕ ಅಯೋಡಿನ್ನಿನದೇ. ಎರಡನ್ನೂ ಕೂಡಿಸಿದರೆ ಒಂದು ಮಿಲಿಲೀಟರ್ ದ್ರಾವಣದಲ್ಲಿ ಸುಮಾರು 126 ಮಿಲಿಗ್ರಾಂ ಅಯೋಡಿನ್ ಆಯಿತು. ಒಂದು ಮಿಲಿಲೀಟರಿಗೆ 20 ಹನಿಯೆಂದು ಹಿಡಿದರೆ ಒಂದು ಹನಿಗೆ ಸುಮಾರು 6.3 ಮಿಲಿಗ್ರಾಂ.

ಈಗ ಮಕ್ಕಳನ್ನು ಕರೆದು ಲೆಕ್ಕ ಮಾಡಿಸಿರಿ. 300 ಲೀಟರ್ ಶುದ್ಧ ಸಮುದ್ರಜಲದಲ್ಲಿ ಇರಬೇಕಾದ ಒಟ್ಟು ಅಯೋಡಿನ್ ಎಷ್ಟು? 300ನ್ನು 0.06ರಿಂದ ಗುಣಿಸಿದರೆ 18 ಮಿಲಿಗ್ರಾಂ. ಮೂರು ಹನಿ ಔಷಧದಲ್ಲಿ ಎಷ್ಟು? ಸುಮಾರು 19 ಮಿಲಿಗ್ರಾಂ. ಎಂದರೆ ಯಜಮಾನರು ವಾರವಾರವೂ ಹಾಕುತ್ತಿದ್ದುದು ಆ ತೊಟ್ಟಿಯಷ್ಟು ಕಡಲನೀರಿನಲ್ಲಿ ಇರುವ ಸಮಸ್ತ ಅಯೋಡಿನ್ನಿಗಿಂತಲೂ ಹೆಚ್ಚು. ನೋಡುವ ಕಣ್ಣಿಗೆ ಮೂರು ಹನಿ. ತೊಟ್ಟಿಯ ಜೀವಿಗಳಿಗೆ ಅದೊಂದು ಪ್ರವಾಹ.

ಹತ್ತು ವಾರಗಳಲ್ಲಿ 30 ಹನಿ ಬಿದ್ದಿವೆ. ಅಂದರೆ ಸುಮಾರು 189 ಮಿಲಿಗ್ರಾಂ. ವರದಿಯಂತೆ ನೀರಿನಲ್ಲಿ ಸಹಜವಾದುದಕ್ಕಿಂತ ಹೆಚ್ಚಾಗಿ ಉಳಿದಿರುವುದು ಲೀಟರಿಗೆ 0.14 ಮಿಲಿಗ್ರಾಂ, 300 ಲೀಟರಿಗೆ 42 ಮಿಲಿಗ್ರಾಂ. ಹಾಗಾದರೆ ಮಿಕ್ಕ 147 ಮಿಲಿಗ್ರಾಂ ಎಲ್ಲಿಗೆ ಹೋಯಿತು? ಒಂದಿಷ್ಟನ್ನು ಪಾಚಿ ಹೀರಿತು. ಒಂದಿಷ್ಟು ಸೋಸುವ ಇದ್ದಿಲಿಗೆ ಅಂಟಿತು. ಒಂದಿಷ್ಟು ಜೈವಿಕ ವಸ್ತುಗಳೊಡನೆ ಕೂಡಿ, ಸ್ಕಿಮ್ಮರ್ ಎಂಬ ನೊರೆ ತೆಗೆಯುವ ಸಾಧನದ ಮೂಲಕ ಹೊರಬಿದ್ದಿತು. ಒಂದಿಷ್ಟು ಹವಳ, ಸೀಗಡಿಗಳ ಮೈಯನ್ನೂ ಹೊಕ್ಕಿರಬಹುದು. ಈ ಲೆಕ್ಕದಿಂದ ಎರಡು ಪಾಠಗಳನ್ನು ಕಲಿಯಬಹುದು. ತೊಟ್ಟಿಗೆ ತಾನಾಗಿಯೇ ಹೆಚ್ಚುವರಿಯನ್ನು ಕಳೆದುಕೊಳ್ಳುವ ಶಕ್ತಿ ಇದೆಯೆಂಬುದು ಮೊದಲನೆಯದು. ಇದು ಸಮಾಧಾನದ ವಿಷಯ. ಕಳೆದುಕೊಳ್ಳುವ ವೇಗಕ್ಕಿಂತ ಹಾಕುವ ವೇಗ ಮಿಗಿಲಾದರೆ ಆ ಶಕ್ತಿ ಸಾಲದೆಂಬುದು ಎರಡನೆಯದು.

ಒಂದೇ ವಸ್ತು, ಹಲವು ವೇಷ

ಅಯೋಡಿನ್ ನೀರಿನಲ್ಲಿ ಒಂದೇ ರೂಪದಲ್ಲಿರುವುದಿಲ್ಲ. ಗಾಯಕ್ಕೆ ಹಚ್ಚುವ ಕಂದು ದ್ರಾವಣದಲ್ಲಿರುವುದು ಸ್ವತಂತ್ರ ಅಯೋಡಿನ್. ಕ್ರಿಮಿಗಳನ್ನು ಕೊಲ್ಲುವುದು ಅದೇ. ಕಡಲಿನಲ್ಲಿ ಬಹುಪಾಲು ಇರುವುದು ಅಯೋಡೇಟ್ ಮತ್ತು ಅಯೋಡೈಡ್ ಎಂಬ ಸೌಮ್ಯ ರೂಪಗಳು. ಇವಲ್ಲದೆ ಜೈವಿಕ ವಸ್ತುಗಳಿಗೆ ಅಂಟಿಕೊಂಡ ರೂಪವೂ ಒಂದುಂಟು.

ಇದನ್ನು ಮನೆಯಲ್ಲಿಯೇ ತೋರಿಸಬಹುದು. ಕುಚ್ಚಲಕ್ಕಿಯ ಗಂಜಿತಿಳಿ ಚೆನ್ನಾಗಿ ತಣಿದ ಮೇಲೆ ಎರಡು ಗಾಜಿನ ಲೋಟಗಳಿಗೆ ಸ್ವಲ್ಪ ಸ್ವಲ್ಪ ಹಾಕಿರಿ. ಒಂದಕ್ಕೆ ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣದ ಒಂದು ಹನಿಯನ್ನು ಬಿಡಿರಿ, ತಿಳಿಯು ಕಡುನೀಲಿಯಾಗುತ್ತದೆ. ಇನ್ನೊಂದಕ್ಕೆ ಅಂಗಡಿಯ ಅಯೋಡಿನ್‌ಯುಕ್ತ ಉಪ್ಪನ್ನು ಹಾಕಿ ಕದಡಿರಿ, ಬಣ್ಣ ಬಾರದು. ಉಪ್ಪಿನಲ್ಲಿ ಅಯೋಡಿನ್ ಇಲ್ಲವೆಂದು ಇದರ ಅರ್ಥವಲ್ಲ. ಅದು ಅಯೋಡೇಟ್ ರೂಪದಲ್ಲಿರುವುದರಿಂದ ಗಂಜಿಯ ಪಿಷ್ಟಕ್ಕೆ ಸಿಕ್ಕುವುದಿಲ್ಲ. ಈಗ ನೀಲಿಯಾದ ಲೋಟಕ್ಕೆ ಅರ್ಧ ಹೋಳು ನಿಂಬೆಹಣ್ಣನ್ನು ಹಿಂಡಿ ಕಲಸಿರಿ. ನೀಲಿಯೆಲ್ಲ ಮಾಯವಾಗುತ್ತದೆ! ನಿಂಬೆಯಲ್ಲಿರುವ ಸಿ ಜೀವಸತ್ವವು ಸ್ವತಂತ್ರ ಅಯೋಡಿನ್ನನ್ನು ಅಯೋಡೈಡಾಗಿ ಮಾರ್ಪಡಿಸಿತು. ಬಣ್ಣ ಹೋಯಿತು, ಅಯೋಡಿನ್ ಮಾತ್ರ ಲೋಟದಲ್ಲಿಯೇ ಇದೆ. (ಪ್ರಯೋಗ ಮುಗಿದ ಕೂಡಲೆ ಎರಡೂ ಲೋಟಗಳ ತಿಳಿಯನ್ನು ಚೆಲ್ಲಿಬಿಡಬೇಕು. ದನಕರುಗಳ ಬಾನಿಗೂ ಸೇರಿಸಬಾರದು.)

ಸೋದರಿಯವರ ಪ್ರಶ್ನೆಗೆ ಈ ಗಂಜಿಯ ಲೋಟದಲ್ಲಿಯೇ ಉತ್ತರವಿದೆ. ಅಯೋಡಿನ್ನನ್ನು 'ತಗ್ಗಿಸುವ' ರಾಸಾಯನಿಕಗಳು, ಅವು ಸಿ ಜೀವಸತ್ವವಾಗಲಿ ಥಯೋಸಲ್ಫೇಟ್ ಆಗಲಿ, ಮಾಡುವ ಕೆಲಸ ವೇಷ ಬದಲಾಯಿಸುವುದಷ್ಟೆ. ಸೀಸೆಯೇ ಕೈತಪ್ಪಿ ನೀರಿಗೆ ಬಿದ್ದು, ಸ್ವತಂತ್ರ ಅಯೋಡಿನ್ ಆ ಕ್ಷಣದಲ್ಲಿ ಜೀವಿಗಳನ್ನು ಸುಡುತ್ತಿರುವಾಗ ಅದರಿಂದ ಪ್ರಯೋಜನವುಂಟು. ವಾರಗಟ್ಟಲೆ ಸೇರಿ ಸೌಮ್ಯರೂಪ ತಾಳಿ ನಿಂತಿರುವ ಅಯೋಡಿನ್ನಿನ ಮೇಲೆ ಅದನ್ನು ಸುರಿದರೆ ನೀರಿಗೆ ಮತ್ತೊಂದು ಪರವಸ್ತುವನ್ನು ಕೂಡಿಸಿದಂತಾಯಿತೇ ಹೊರತು ಬೇರೆ ಫಲವಿಲ್ಲ.

ಪರೀಕ್ಷೆಯ ವಿಷಯದಲ್ಲಿಯೂ ಈ ವೇಷಗಳನ್ನು ನೆನಪಿಡಬೇಕು. ಮನೆಯಲ್ಲಿ ಬಣ್ಣ ನೋಡಿ ಅಳೆಯುವ ಪೆಟ್ಟಿಗೆಗಳು ಎಲ್ಲ ರೂಪಗಳನ್ನೂ ಸಮನಾಗಿ ಎಣಿಸುವುದಿಲ್ಲ. ಪ್ರಯೋಗಾಲಯಗಳಲ್ಲಿ ನೀರಿನ ಮಾದರಿಯನ್ನು ಅತ್ಯಂತ ಕಾದ ಜ್ವಾಲೆಯಂಥ ಅನಿಲಕ್ಕೆ ಸಿಂಪಡಿಸಿ, ಹೊಮ್ಮುವ ಬೆಳಕನ್ನು ಪರಿಶೀಲಿಸಿ ಧಾತುಗಳನ್ನು ಅಳೆಯುವ ಕ್ರಮವಿದೆ. ಅದು ರೂಪವನ್ನು ಲೆಕ್ಕಿಸದೆ ಒಟ್ಟು ಅಯೋಡಿನ್ನನ್ನು ಹೇಳುತ್ತದೆ. ಒಂದರ ಅಂಕಿಯನ್ನು ಇನ್ನೊಂದರ ಅಂಕಿಯೊಡನೆ ಹೋಲಿಸಿ ಗಾಬರಿಗೊಳ್ಳುವುದು ಸರಿಯಲ್ಲ.

ಮಾಡಬೇಕಾದ ಕ್ರಮ

ಮೊದಲನೆಯದು: ಎಲ್ಲ ಮೂಲಗಳನ್ನೂ ನಿಲ್ಲಿಸುವುದು. ಲುಗೋಲ್ ಸೀಸೆಯೊಂದೇ ಮೂಲವಾಗಿರಲಿಕ್ಕಿಲ್ಲ. ಸೂಕ್ಷ್ಮಧಾತುಗಳ ಮಿಶ್ರಣವೆಂದು ಮಾರುವ ಸೀಸೆಗಳಲ್ಲಿಯೂ ಅಯೋಡಿನ್ ಇರುತ್ತದೆ. ಮುಚ್ಚಳದ ಪಕ್ಕದ ಸಣ್ಣ ಅಕ್ಷರಗಳನ್ನು ಓದಬೇಕು. ಕಡಲಕಳೆಯ ಆಹಾರವನ್ನು ಕೆಲವು ವಾರ ಕಡಿಮೆ ಮಾಡಬಹುದು. ಹೊಸ ಹವಳವನ್ನು ತಂದಾಗ ಕ್ರಿಮಿಶುದ್ಧಿಗೆಂದು ಅಯೋಡಿನ್ ನೀರಿನಲ್ಲಿ ಅದ್ದುವ ಪದ್ಧತಿಯಿದೆ. ಅದ್ದಿದ ಹವಳವನ್ನು ಬೇರೆ ಉಪ್ಪುನೀರಿನಲ್ಲಿ ತೊಳೆಯದೆ ತೊಟ್ಟಿಗೆ ಇಳಿಸಬಾರದು.

ಎರಡನೆಯದು: ಉಪ್ಪಿನ ಸಾಂದ್ರತೆಯನ್ನು ಅಳೆಯುವುದು. ತೊಟ್ಟಿಯಿಂದ ಆವಿಯಾಗಿ ಹೋಗುವುದು ಬರಿಯ ನೀರು, ಲವಣಗಳೆಲ್ಲ ಉಳಿಯುತ್ತವೆ. 35 ಇರಬೇಕಾದ ಲವಣಾಂಶ 38ಕ್ಕೆ ಏರಿದ್ದರೆ ಅಯೋಡಿನ್ ಸಹಿತ ಎಲ್ಲವೂ ನೂರಕ್ಕೆ ಎಂಟು ಒಂಬತ್ತರಷ್ಟು ಹೆಚ್ಚಾಗಿ ಕಾಣುತ್ತದೆ. ಕೊಲ್ಲಿನಾಡಿನಲ್ಲಿ ಹಗಲಿರುಳೂ ಹವಾನಿಯಂತ್ರಕ ಓಡುವ ಒಣಹವೆಯ ಕೋಣೆಗಳಲ್ಲಿ ಈ ಎಚ್ಚರ ಅವಶ್ಯವಾದುದು. ಹೋದಷ್ಟು ಸಿಹಿನೀರನ್ನು ಆಗಿಂದಾಗ ತುಂಬುತ್ತಿರಬೇಕು.

ಮೂರನೆಯದು: ಹೊಸ ನೀರಿನ ಪರೀಕ್ಷೆ. ಬದಲಾಯಿಸಲು ಸಿದ್ಧಪಡಿಸಿದ ಉಪ್ಪುನೀರಿನಲ್ಲಿಯೇ ಅಯೋಡಿನ್ ಅಧಿಕವಾಗಿದ್ದರೆ ಬದಲಾವಣೆಯಿಂದ ಏನು ಸುಖ? ತೊಟ್ಟಿಯ ನೀರನ್ನೂ ಹೊಸ ನೀರನ್ನೂ ಒಟ್ಟಿಗೆ, ಒಂದೇ ಕ್ರಮದಲ್ಲಿ ಪರೀಕ್ಷಿಸಬೇಕು.

ನಾಲ್ಕನೆಯದು: ನೀರು ಬದಲಾವಣೆ. ವಾರಕ್ಕೊಮ್ಮೆ ನಾಲ್ಕನೆಯ ಒಂದು ಪಾಲು, ಎಂದರೆ 75 ಲೀಟರ್, ತೆಗೆದು ಅಷ್ಟೇ ಹೊಸ ನೀರನ್ನು ಹಾಕುವುದೆಂದು ಇಟ್ಟುಕೊಳ್ಳಿರಿ. ಹೊಸ ನೀರಿನಲ್ಲಿ 0.06 ಇದ್ದರೆ ತೊಟ್ಟಿಯ 0.20 ಎಂಬುದು ಮೊದಲ ವಾರ 0.165ಕ್ಕೆ, ಎರಡನೆಯ ವಾರ 0.139ಕ್ಕೆ, ಮೂರನೆಯ ವಾರ 0.119ಕ್ಕೆ, ನಾಲ್ಕನೆಯ ವಾರ 0.104ಕ್ಕೆ ಇಳಿಯುತ್ತದೆ. ಇದು ಬರಿಯ ನೀರಿನ ಲೆಕ್ಕ. ಪಾಚಿ, ಇದ್ದಿಲು, ನೊರೆಗಳ ಸಹಾಯವೂ ಸೇರುವುದರಿಂದ ಇಳಿತ ಇನ್ನೂ ಬೇಗ ಆಗುವುದು. ನಾಲ್ಕು ವಾರಗಳಲ್ಲಿ ಒಟ್ಟು 300 ಲೀಟರ್ ಹೊಸ ನೀರು ಸುರಿದರೂ ಹೆಚ್ಚುವರಿಯ ಮೂರನೆಯ ಒಂದು ಪಾಲಿನಷ್ಟು ಉಳಿದೇ ಇರುವುದನ್ನು ಗಮನಿಸಿರಿ. ಹಾಕಿದ್ದನ್ನು ತೆಗೆಯುವುದು ಎಷ್ಟು ದುಬಾರಿಯೆಂಬುದು ಇದರಿಂದ ತಿಳಿಯುತ್ತದೆ.

ಎಲ್ಲವನ್ನೂ ಒಂದೇ ದಿನ ಏಕೆ ಬದಲಾಯಿಸಬಾರದೆಂದು ಕೆಲವರು ಕೇಳಬಹುದು. ಈಗಾಗಲೇ ಬಳಲಿರುವ ಜೀವಿಗಳು ಶಾಖ, ಉಪ್ಪು, ಕ್ಷಾರಗುಣಗಳ ಹಠಾತ್ ಬದಲಾವಣೆಯನ್ನು ತಾಳಲಾರವು. ಹೊಸ ನೀರಿನ ಶಾಖವನ್ನೂ ಲವಣಾಂಶವನ್ನೂ ತೊಟ್ಟಿಯದಕ್ಕೆ ಸರಿಹೊಂದಿಸಿಯೇ ಸುರಿಯಬೇಕು. ಹವಳದ ಮಾಂಸವೇ ಸುಲಿದುಹೋಗುತ್ತಿರುವಂಥ ಸಂಕಟ ಬಂದರೆ, ಹೀಗೆ ಸರಿಹೊಂದಿಸಿದ ಬೇರೆ ಪಾತ್ರೆಗೆ ಆ ಜೀವಿಯನ್ನು ಸಾಗಿಸುವುದು ಲೇಸು.

ಐದನೆಯದು: ಇದ್ದಿಲು ಮತ್ತು ಸ್ಕಿಮ್ಮರ್. ಸೋಸುವ ಇದ್ದಿಲು ಸ್ವತಂತ್ರ ಅಯೋಡಿನ್ನನ್ನೂ ಜೈವಿಕ ವಸ್ತುಗಳಿಗೆ ಅಂಟಿದ ಅಯೋಡಿನ್ನನ್ನೂ ಚೆನ್ನಾಗಿ ಹಿಡಿಯುತ್ತದೆ. ಅಯೋಡೈಡನ್ನು ಅಷ್ಟಾಗಿ ಹಿಡಿಯದು. ಹಳೆಯ ಇದ್ದಿಲನ್ನು ತೆಗೆದು ಹೊಸದನ್ನು ಹಾಕುವುದು ಉಚಿತ. ಅದೊಂದರಿಂದಲೇ ಎಲ್ಲವೂ ಸರಿಹೋಗುವುದೆಂದು ನೆಚ್ಚಿ ನೀರು ಬದಲಾಯಿಸುವುದನ್ನು ಬಿಡಬಾರದು.

ಆರನೆಯದು: ಕಡಲಕಳೆಯ ಬೆಳೆ. ಕೂರ್ತ್ವಾರವರಿಗೆ ಅಯೋಡಿನ್ ಒದಗಿಸಿದ ಆ ಗುಣವನ್ನೇ ಇಲ್ಲಿ ಬಳಸಿಕೊಳ್ಳಬಹುದು. ತೊಟ್ಟಿಗೆ ಸೇರಿದ ಬೇರೊಂದು ಅರೆಯಲ್ಲಿ ದೀಪ ಹಾಕಿ ಕಡಲಪಾಚಿಯನ್ನು ಬೆಳೆಸಿ, ಆಗಾಗ ಕೊಯ್ದು ಹೊರಗೆಸೆದರೆ ಅದರೊಡನೆ ಅಯೋಡಿನ್ನೂ ಹೋಗುತ್ತದೆ. ಕೊಯ್ಯದೆ ಅಲ್ಲಿಯೇ ಕೊಳೆಯಲು ಬಿಟ್ಟರೆ ಹೀರಿದ್ದೆಲ್ಲ ಮರಳಿ ನೀರಿಗೆ ಬರುತ್ತದೆ.

ಕೊನೆಯದು: ಬೇರೆ ಕಾರಣಗಳನ್ನೂ ಹುಡುಕುವುದು. ಹವಳ ಮುದುಡಲು, ಸೀಗಡಿ ಸಾಯಲು ಅಯೋಡಿನ್ ಒಂದೇ ಕಾರಣವಾಗಬೇಕಾಗಿಲ್ಲ. ಶಾಖದ ಏರಿಕೆ, ನೈಟ್ರೇಟಿನ ಹೆಚ್ಚಳ, ಕ್ಷಾರಗುಣದ ಏರಿಳಿತ, ತಾಮ್ರದ ಸೋಂಕು ಇವೂ ಅದೇ ಲಕ್ಷಣಗಳನ್ನು ತೋರಿಸುತ್ತವೆ. ಜ್ವರ ಬಂದಾಗ ಮೈ ಬಿಸಿಯಾಗುವುದು ಒಂದೇ ತೆರನಾದರೂ ರೋಗಗಳು ಹಲವಲ್ಲವೇ? ಒಂದು ನೋಟುಪುಸ್ತಕವನ್ನಿಟ್ಟು ದಿನಾಂಕ, ಶಾಖ, ಲವಣಾಂಶ, ಪರೀಕ್ಷೆಯ ಅಂಕಿ, ಬದಲಾಯಿಸಿದ ನೀರು ಇಷ್ಟನ್ನೂ ಬರೆಯುತ್ತ ಹೋಗಬೇಕು. ಈ ಕೆಲಸವನ್ನು ಮಕ್ಕಳಿಗೆ ವಹಿಸಿದರೆ ಉತ್ತಮ. ಅಂಕಿ ಇಳಿಯುತ್ತಿದೆಯೇ ಏರುತ್ತಿದೆಯೇ ಎಂಬುದು ಒಂದು ದಿನದ ಒಂದು ಅಂಕಿಗಿಂತ ಹೆಚ್ಚಿನ ತಿಳಿವಳಿಕೆ ಕೊಡುತ್ತದೆ.

ಅಡಿಗೆಯ ಉಪ್ಪು ಸಲ್ಲದು

ಇಲ್ಲಿಯೇ ಇನ್ನೊಂದು ಸೂಚನೆಯನ್ನೂ ಕೊಡಬೇಕಾಗಿದೆ. ಹೊಸ ನೀರನ್ನು ಸಿದ್ಧಪಡಿಸುವಾಗ ಖರ್ಚು ಉಳಿಸಲೆಂದು ಅಡಿಗೆಯ ಉಪ್ಪನ್ನು ಕದಡುವ ಯೋಚನೆ ಯಾರಿಗಾದರೂ ಬಂದೀತು. ನಮ್ಮ ದೇಶದ ನಿಯಮದಂತೆ ಅಯೋಡಿನ್‌ಯುಕ್ತ ಉಪ್ಪು ಬಳಕೆದಾರರ ಕೈಸೇರುವಾಗ ಒಂದು ಗ್ರಾಮಿನಲ್ಲಿ ಕನಿಷ್ಠ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕು. ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರೋಗ್ರಾಂ. ಲೀಟರಿಗೆ 35 ಗ್ರಾಂ ಉಪ್ಪೆಂದರೆ 525 ಮೈಕ್ರೋಗ್ರಾಂ, ಎಂದರೆ 0.525 ಮಿಲಿಗ್ರಾಂ ಆಯಿತು. ಕಡಲಿನ ಪ್ರಮಾಣದ ಸುಮಾರು ಒಂಬತ್ತು ಪಟ್ಟು! ಅದಲ್ಲದೆ, ಹವಳಕ್ಕೆ ಗೂಡು ಕಟ್ಟಲು ಬೇಕಾದ ಸುಣ್ಣದ ಅಂಶವೂ ಮೆಗ್ನೀಸಿಯಮ್ಮೂ ಅಡಿಗೆಯ ಉಪ್ಪಿನಲ್ಲಿ ಇರಬೇಕಾದಷ್ಟು ಇರುವುದಿಲ್ಲ.

ಹಾಗೆಂದು ಅಡಿಗೆಯ ಉಪ್ಪಿನ ಅಯೋಡಿನ್ನನ್ನು ಯಾರೂ ದೂರಬಾರದು. ಗಳಗಂಡದಿಂದ ನರಳುತ್ತಿದ್ದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರು ಮತ್ತು ಸಂಗಡಿಗರು 1956ರಲ್ಲಿ ಆರಂಭಿಸಿದ ಅಧ್ಯಯನವು ಅಯೋಡಿನ್ ಬೆರೆತ ಉಪ್ಪಿನಿಂದ ಆ ರೋಗ ತಗ್ಗುವುದನ್ನು ತೋರಿಸಿಕೊಟ್ಟಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವೇ ಪ್ರಾರಂಭವಾಯಿತು. ಬೆಳೆಯುವ ಮಕ್ಕಳ ಬುದ್ಧಿಗೂ ಬಸುರಿಯರ ಆರೋಗ್ಯಕ್ಕೂ ಅಯೋಡಿನ್ ಅತ್ಯವಶ್ಯ. ವಯಸ್ಕರಿಗೆ ಬೇಕಾದುದು ದಿನಕ್ಕೆ 150 ಮೈಕ್ರೋಗ್ರಾಂ. ಊಟದ ಉಪ್ಪಿನಿಂದ ಅದು ದೊರೆಯುತ್ತದೆ.

ಇದರ ಪಕ್ಕದಲ್ಲಿ ಆ ಲುಗೋಲ್ ಹನಿಯನ್ನು ಇಟ್ಟು ನೋಡಿರಿ. ಒಂದೇ ಹನಿಯಲ್ಲಿ 6.3 ಮಿಲಿಗ್ರಾಂ, ಒಬ್ಬ ವಯಸ್ಕರ 42 ದಿನಗಳ ಪಾಲು. 1820ರಲ್ಲಿ ಜಿನೀವಾದ ವೈದ್ಯ ಕ್ವಾಂದೇ ಅವರು ಗಳಗಂಡಕ್ಕೆ ಅಯೋಡಿನ್ ಕೊಟ್ಟು ಗುಣಪಡಿಸಿದ ಸುದ್ದಿ ಹರಡಿದಾಗ, ಜನರು ತಾವೇ ಕೊಂಡು ಮಿತಿಯಿಲ್ಲದೆ ಸೇವಿಸಿ ತೊಂದರೆಗೆ ಒಳಗಾದರು; ಒಳ್ಳೆಯ ಔಷಧಕ್ಕೆ ಬಹುಕಾಲ ಕೆಟ್ಟ ಹೆಸರು ಬಂದಿತು. ಆದುದರಿಂದ ತೊಟ್ಟಿಗೆಂದು ತಂದ ಸೀಸೆಯನ್ನು ಮಕ್ಕಳ ಕೈಗೆಟುಕದ ಕಪಾಟಿನಲ್ಲಿ ಬೀಗ ಹಾಕಿ ಇಡಬೇಕು. ಹೆಸರು ಬರೆಯದ ಬೇರೆ ಸೀಸೆಗೆ ಅದನ್ನು ಎಂದೂ ಸುರಿದಿಡಬಾರದು. ಮನೆಯ ಹಿರಿಯರು 'ಅಯೋಡಿನ್ ತಾನೇ, ಥೈರಾಯ್ಡಿಗೆ ಒಳ್ಳೆಯದು' ಎಂದು ವೈದ್ಯರನ್ನು ಕೇಳದೆ ಅದನ್ನು ಬಾಯಿಗೆ ಹಾಕಲೇಕೂಡದು.

ಊರಿನಲ್ಲಿರುವ ಬಂಧುಗಳಿಗೆ

ಈ ಬರಹವನ್ನು ಓದಿ, ಮಂಜೇಶ್ವರ ಕಾಸರಗೋಡುಗಳ ತರುಣರು ತಾವೂ ಕಡಲಿನಿಂದ ಹವಳ ತಂದು ಸಾಕೋಣವೆಂದು ಹೊರಡಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಥಮ ಅನುಸೂಚಿಯಲ್ಲಿ ಕಲ್ಲುಹವಳಗಳೂ ಗಾರ್ಗೋನಿಯಗಳೂ 2001ರಿಂದ ಸೇರಿವೆ. ಹುಲಿಗಿರುವ ರಕ್ಷಣೆ ಅವಕ್ಕೂ ಇದೆ. ಕೀಳುವುದು, ಮಾರುವುದು ಅಪರಾಧ. ನಮ್ಮ ಪಡುವಣ ಕಡಲಿನಾಚೆಯ ಲಕ್ಷದ್ವೀಪದ ಹವಳದಿಬ್ಬಗಳು 1998, 2010, 2016, 2024ರಲ್ಲಿ ಕಡಲು ಕಾದು ಬಿಳಿಚಿ ಬಳಲಿವೆ. ಉಳಿದಿರುವುದನ್ನು ಅಲ್ಲಿಯೇ ಬಾಳಗೊಡುವುದು ನಮ್ಮೆಲ್ಲರ ಧರ್ಮ. ಉಪ್ಪುನೀರಿನ ತೊಟ್ಟಿಯ ಆಸೆಯುಳ್ಳವರು ಕಾಯಿದೆ ಒಪ್ಪುವ, ಸಾಕಿ ಬೆಳೆಸಿದ ಮೀನುಗಳಿಂದ ತೃಪ್ತಿಪಡಬಹುದು.

ಮುಗಿಸುವ ಮೊದಲು ಒಬ್ಬ ಮಹಿಳೆಯ ವಿಷಯವನ್ನು ಹೇಳಬೇಕು. 1846ರಲ್ಲಿ ಇಂಗ್ಲೆಂಡಿನ ಆನಾ ಥಿನ್ ಎಂಬವರು ಟಾರ್ಕೀ ಕಡಲತೀರದಿಂದ ಜೀವಂತ ಹವಳಗಳನ್ನು ಲಂಡನ್ನಿನ ತಮ್ಮ ಮನೆಗೆ ತಂದು ಸಾಕಿದರು. ಆಗ ವಿದ್ಯುತ್ತೂ ಇರಲಿಲ್ಲ, ಯಂತ್ರವೂ ಇರಲಿಲ್ಲ. ನೀರಿಗೆ ಗಾಳಿ ಬೆರೆಯಲೆಂದು ಕಿಟಕಿಯ ಬಳಿ ನಿಂತು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರನ್ನು ಸುರಿಯುವ ಕೆಲಸ ದಿನವೂ ಮುಕ್ಕಾಲು ಗಂಟೆಯವರೆಗೆ ನಡೆಯುತ್ತಿತ್ತು. ಅದನ್ನು ಮಾಡುತ್ತಿದ್ದವಳು ಮನೆಯ ಕೆಲಸದಾಕೆ. ಆ ಹವಳಗಳನ್ನು ಉಳಿಸಿದ್ದು ಬೇಸರಿಸದೆ ಮಾಡಿದ ಈ ದಿನದಿನದ ಚಾಕರಿ. ಯಾವ ಸೀಸೆಯ ಔಷಧವೂ ಅಲ್ಲ.

ಕಡಲು ಅಪಾರವಾದುದು, ನಾವು ಚೆಲ್ಲಿದ ಒಂದು ಹನಿ ಅಲ್ಲಿ ಗುರುತಿಲ್ಲದೆ ಕರಗಿಹೋಗುತ್ತದೆ. ಗಾಜಿನ ನಾಲ್ಕು ಗೋಡೆಗಳ ನಡುವಿನ ನೀರಿಗೆ ಆ ಔದಾರ್ಯವಿಲ್ಲ. ಅಲ್ಲಿ ಹಾಕುವುದು ಒಂದು ಕ್ಷಣದ ಕೆಲಸ, ತೆಗೆಯುವುದು ತಿಂಗಳ ಕೆಲಸ. ಅಳೆಯದೆ ಹಾಕಬಾರದು, ಹಾಕುವ ಮೊದಲು ಇದರಲ್ಲಿ ಎಷ್ಟಿದೆ, ಅದರಲ್ಲಿ ಎಷ್ಟು ಬೇಕು ಎಂಬ ಎರಡು ಸಾಲಿನ ಲೆಕ್ಕವನ್ನು ಮಾಡಲೇಬೇಕು. ಸೋದರಿಯವರು ನಾಲ್ಕು ವಾರ ಈ ಕ್ರಮವನ್ನು ನಡೆಸಿ, ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ಮಕ್ಕಳು ಬರೆದ ಅಂಕಿಗಳ ಪಟ್ಟಿಯನ್ನು ನಮಗೆ ಕಳುಹಿಸಿಕೊಟ್ಟರೆ ಸಂತೋಷ.

ಮುಂದಿನ ಸಂಚಿಕೆಯಲ್ಲಿ: ಕಡಲಂಚಿನ ಬಾವಿಗಳ ನೀರು ಬೇಸಗೆಯಲ್ಲಿ ಉಪ್ಪಾಗುವುದೇಕೆ?